ಕೆಲಸದಲ್ಲಿ ಪೆಟ್ಟಾಯ್ತಾ? ಪರಿಹಾರ ಕೈ ಸೇರುವವರೆಗೆ ಏನೇನು ಮಾಡಬೇಕು

ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಪವರ್ ಪ್ರೆಸ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರ ಕೈ ಒಮ್ಮೆ ನೋಡಿ. ಬೆರಳು ಮೊಟಕಾದವರು ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಪರಿಹಾರ ಎಷ್ಟು ಬಂತು ಅಂತ ಕೇಳಿ. "ಓನರ್ ಆಸ್ಪತ್ರೆ ಖರ್ಚು ನೋಡಿಕೊಂಡರು, ಕೈಗೆ ಒಂದಿಷ್ಟು ಕೊಟ್ಟರು" ಅನ್ನುತ್ತಾರೆ, ಅಷ್ಟೇ. ಆದರೆ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇಲ್ಲದ, ತಿಂಗಳಿಗೆ 15,000 ಸಂಬಳದ 30 ವರ್ಷದ ಕೆಲಸಗಾರನ ಹೆಬ್ಬೆರಳು ಹೋದರೆ ಕಾನೂನಿನ ಲೆಕ್ಕದಲ್ಲಿ 5,61,546 ರೂಪಾಯಿ ಬರಬೇಕು. "ಒಂದಿಷ್ಟು" ಎಲ್ಲಿ, ಐದೂವರೆ ಲಕ್ಷ ಎಲ್ಲಿ?

ಕಾನೂನು ಇಲ್ಲದೆ ಈ ದುಡ್ಡು ಕೈ ತಪ್ಪುವುದಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಕಾಗದದ ಮೇಲೆ ಏನು ಬರೆಯುತ್ತಾರೋ ಅದರ ಮೇಲೆ ಮುಂದಿನದೆಲ್ಲ ನಿಲ್ಲುತ್ತದೆ. ಆ ದಿನಗಳಲ್ಲೇ ಪೆಟ್ಟಾದವನು ನೋವಿನ ಮಾತ್ರೆ ನುಂಗಿ ಮಲಗಿರುತ್ತಾನೆ, ಬರೆಯುವ ಕೆಲಸವನ್ನೆಲ್ಲ ಕಂಪನಿಯವರು ಮಾಡುತ್ತಾರೆ. ಅದಕ್ಕೇ ಈ ಲೇಖನ. ನಿಮಗೆ ಪೆಟ್ಟಾಗಿದ್ದರೆ ಮನೆಯವರಿಂದ ಓದಿಸಿ. ಆಗಿಲ್ಲದಿದ್ದರೆ ಈಗಲೇ ಓದಿ, ಪಕ್ಕದ ಮೆಷಿನ್‌ನವರಿಗೂ ಹೇಳಿ.

ಮೊದಲ ದಿನ: ಆಸ್ಪತ್ರೆ ಚೀಟಿಯಲ್ಲಿ ಏನು ಬರೆದಿದ್ದಾರೆ

ಚಿಕಿತ್ಸೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಯಲ್ಲಿ "ಹೇಗಾಯ್ತು?" ಅಂತ ಕೇಳಿದಾಗ ಉತ್ತರ ಯಾರು ಕೊಡುತ್ತಾರೆ ಅನ್ನುವುದನ್ನು ಗಮನಿಸಿ. ಜೊತೆಗೆ ಬಂದ ಸೂಪರ್‌ವೈಸರ್ "ಬಾತ್‌ರೂಮಲ್ಲಿ ಜಾರಿ ಬಿದ್ದ" ಅಂತಲೋ "ಬೈಕಿಂದ ಬಿದ್ದ" ಅಂತಲೋ ಹೇಳಿಬಿಡುತ್ತಾನೆ. "ಹಾಗೆ ಹೇಳಿದರೆ ಪೊಲೀಸ್ ಗಲಾಟೆ ಇರಲ್ಲ, ನಿಮಗೇ ಒಳ್ಳೇದು" ಅಂತ ಸಮಾಧಾನವನ್ನೂ ಮಾಡುತ್ತಾನೆ. ಆ ಒಂದು ಸಾಲು ಡಾಕ್ಟರ್ ಕೈಬರಹದಲ್ಲಿ ಕೇಸ್ ಶೀಟ್ ಸೇರಿದರೆ, ಮುಂದೆ ಇನ್ಶೂರೆನ್ಸ್ ಕಂಪನಿಯ ವಕೀಲರು ಅದೊಂದನ್ನೇ ಹಿಡಿದು ವಾದ ಮಾಡುತ್ತಾರೆ.

ಹಾಗಾಗಿ ನೀವೇ, ಇಲ್ಲವೇ ನಿಮ್ಮ ಮನೆಯವರು ಡಾಕ್ಟರಿಗೆ ನೇರವಾಗಿ ಹೇಳಿ: ಇಂಥ ಕಡೆ, ಇಂಥ ಮೆಷಿನ್‌ನಲ್ಲಿ, ಇಷ್ಟು ಗಂಟೆಗೆ, ಕೆಲಸ ಮಾಡುವಾಗ ಆಯ್ತು. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಮಾಡಿ ಅಂತ ಬಾಯಿಬಿಟ್ಟು ಕೇಳಿ. ಎಂಎಲ್‌ಸಿ ಆದರೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಸುದ್ದಿ ಹೋಗುತ್ತದೆ, ಒಂದು ನಂಬರ್ ಬೀಳುತ್ತದೆ, ಮುಂದೆ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಪ್ರಮಾಣಪತ್ರ ಸಿಗುತ್ತದೆ. ವಿಕ್ಟೋರಿಯಾ, ಬೌರಿಂಗ್, ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಕಡೆ ಇದು ದಿನನಿತ್ಯದ ಕೆಲಸ. ಸಣ್ಣ ನರ್ಸಿಂಗ್ ಹೋಮ್‌ಗೆ ಓನರ್ ಕರೆದುಕೊಂಡು ಹೋಗಿದ್ದರೆ ಜಾಸ್ತಿ ಎಚ್ಚರ ಬೇಕು, ಅಲ್ಲಿ ಬಿಲ್ ಕಟ್ಟುವವರ ಮಾತೇ ನಡೆಯುವುದು ಸಹಜ ಅಲ್ವಾ. ಚೀಟಿ ಕೈಗೆ ಬಂದ ಕೂಡಲೇ ಓದಿ. ಓದಲು ಬರದಿದ್ದರೆ ಓದಿಸಿ. ತಪ್ಪಾಗಿದ್ದರೆ ಅವತ್ತೇ ತಿದ್ದಲು ಕೇಳಿ. ಡಿಸ್ಚಾರ್ಜ್ ಆದ ಮೇಲೆ ಯಾರೂ ತಿದ್ದುವುದಿಲ್ಲ.

ಎಕ್ಸ್‌ರೇ, ಬಿಲ್ಲು, ಔಷಧಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಎಲ್ಲವೂ ನಿಮ್ಮ ಕೈಯಲ್ಲೇ ಇರಲಿ. "ಆಫೀಸಿಗೆ ಬೇಕು, ಕ್ಲೇಮ್ ಮಾಡ್ತೀವಿ" ಅಂತ ಒರಿಜಿನಲ್ ಕೇಳಿದರೆ ಜೆರಾಕ್ಸ್ ಕೊಡಿ. ಒರಿಜಿನಲ್ ಕೊಡಲೇಬೇಕಾದರೆ ಮೊದಲು ಮೊಬೈಲಲ್ಲಿ ಫೋಟೋ ತೆಗೆದು ಮನೆಯವರಿಗೆ ಕಳಿಸಿಡಿ.

ಅದೇ ವಾರ: ಆ ಕಂಪನಿಯಲ್ಲೇ ಇದ್ದೆ ಅನ್ನುವುದಕ್ಕೆ ಸಾಕ್ಷಿ

ಇದು ಹುಚ್ಚು ಮಾತು ಅನಿಸಬಹುದು. ಮೂರು ವರ್ಷ ದುಡಿದ ಜಾಗದಲ್ಲಿ "ಇವನು ಯಾರೋ ಗೊತ್ತಿಲ್ಲ" ಅಂತಾರಾ? ಅನ್ನುತ್ತಾರೆ. ಕೋರ್ಟಿನಲ್ಲಿ ಓನರ್ ಕಡೆಯವರು ಮೊದಲು ಹೇಳುವುದೇ ಇದನ್ನು. ಪೇ ಸ್ಲಿಪ್ ಇಲ್ಲದವರು, ಕೈಗೆ ಸಂಬಳ ತಗೊಳ್ಳುವವರು, ಮೇಸ್ತ್ರಿ ಕರೆದುಕೊಂಡು ಬಂದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಐಡಿ ಕಾರ್ಡ್, ಗೇಟ್ ಪಾಸ್, ಪಿಎಫ್ ಮೆಸೇಜು, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ ಇಲ್ಲವೇ ಫೋನ್‌ಪೇ ದಾಖಲೆ, ಹಾಜರಿ ಹಾಕುವ ವಾಟ್ಸಾಪ್ ಗ್ರೂಪು, ಆಯುಧಪೂಜೆ ದಿನ ಮೆಷಿನ್ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಕೂಡ ಸಾಕ್ಷಿಯೇ. ಪೆಟ್ಟಾದಾಗ ಪಕ್ಕದಲ್ಲಿದ್ದವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಅವರು ಇವತ್ತು ನಿಮ್ಮ ಪರ ಮಾತಾಡುತ್ತಾರೆ, ನಾಳೆ ಊರಿಗೆ ಹೋಗಬಹುದು, ಬೇರೆ ಕಂಪನಿ ಸೇರಬಹುದು, ಹೆದರಿ ಸುಮ್ಮನಾಗಲೂಬಹುದು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ, ಅವರಿಗೂ ಮನೆ ಬಾಡಿಗೆ ಇದೆ.

ಜೊತೆಗೆ ಒಂದು ಪತ್ರ ಬರೆಯಿರಿ. ದೊಡ್ಡ ಭಾಷೆ ಏನೂ ಬೇಡ. ಇಂಥ ತಾರೀಕು, ಇಷ್ಟು ಹೊತ್ತಿಗೆ, ಇಂಥ ಕೆಲಸ ಮಾಡುವಾಗ ಹೀಗೆ ಪೆಟ್ಟಾಯ್ತು, ಆಕ್ಸಿಡೆಂಟ್ ಬುಕ್‌ನಲ್ಲಿ ಬರೆಯಿರಿ, ಪರಿಹಾರ ಕೊಡಿ. ಕೈಯಲ್ಲಿ ಕೊಟ್ಟರೆ ಸಹಿ ಹಾಕಿ ಕೊಡುವುದಿಲ್ಲ, ಹಾಗಾಗಿ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮೊಬೈಲಲ್ಲೂ ಕಳಿಸಿ. ಪೆಟ್ಟಾದ ವಿಷಯವನ್ನು ಆದಷ್ಟು ಬೇಗ ಮಾಲೀಕರಿಗೆ ತಿಳಿಸಬೇಕು ಅಂತ ಕಾನೂನೇ ಹೇಳುತ್ತದೆ.

ಇಎಸ್‌ಐ ಇದೆಯಾ? ಇಲ್ಲಿಂದ ದಾರಿ ಎರಡಾಗುತ್ತದೆ

ಪರಿಹಾರಕ್ಕೆ ಎರಡು ದಾರಿ. ಇಎಸ್‌ಐ ಇದ್ದರೆ ಇಎಸ್‌ಐನಿಂದ, ಇಲ್ಲದಿದ್ದರೆ ಮಾಲೀಕರಿಂದ. ಎರಡೂ ಕಡೆ ತಗೊಳ್ಳಲು ಆಗುವುದಿಲ್ಲ. ಇಷ್ಟು ದಿನ ಇಎಸ್‌ಐಗೆ 1948ರ ಕಾಯ್ದೆ, ಮಾಲೀಕರ ಪರಿಹಾರಕ್ಕೆ 1923ರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಎರಡೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಸೆಕ್ಷನ್ ನಂಬರ್ ಬದಲಾಗಿದೆ, ಲೆಕ್ಕದ ಬುಡ ಹೆಚ್ಚು ಕಡಿಮೆ ಅದೇ. ಅಪಘಾತ ಆದ ತಾರೀಕು ನೋಡಿ ಯಾವುದರ ಕೆಳಗೆ ಅರ್ಜಿ ಹಾಕಬೇಕು ಅನ್ನುವುದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಜಾಗ, ತಿಂಗಳ ಸಂಬಳ 21,000 ದಾಟಿಲ್ಲ ಅಂದರೆ ಇಎಸ್‌ಐ ಇರಬೇಕು. ಸಂಬಳದಲ್ಲಿ 0.75 ಪರ್ಸೆಂಟ್ ನಿಮ್ಮದು ಹಿಡಿಯುತ್ತಾರೆ, 3.25 ಪರ್ಸೆಂಟ್ ಅವರು ಹಾಕಬೇಕು. 15,000 ಸಂಬಳಕ್ಕೆ ನಿಮ್ಮ ಪಾಲು ನೂರಾ ಹದಿಮೂರು ರೂಪಾಯಿ. ಪೇ ಸ್ಲಿಪ್‌ನಲ್ಲಿ ಅದು ಕಾಣುತ್ತಾ ನೋಡಿ. ಹತ್ತು ಅಂಕಿಯ ಇನ್ಶೂರೆನ್ಸ್ ನಂಬರ್ ಇರುತ್ತದೆ, ಅದನ್ನು ಮನೆಯವರಿಗೂ ಕೊಟ್ಟಿಡಿ.

ಕೆಲಸದ ಪೆಟ್ಟಿಗೆ ಇಎಸ್‌ಐ ಸಿಗಬೇಕಾದರೆ ಇಷ್ಟು ತಿಂಗಳು ಕಟ್ಟಿರಬೇಕು ಅನ್ನುವ ಷರತ್ತು ಇಲ್ಲ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕು ಇದೆ. ಇದನ್ನು ಎಚ್‌ಆರ್‌ನವರಲ್ಲೇ ಎಷ್ಟೋ ಜನ ತಪ್ಪು ಹೇಳುತ್ತಾರೆ. ಕಂಪನಿಯವರು ನೋಂದಣಿಯೇ ಮಾಡಿಸಿಲ್ಲ, ದುಡ್ಡು ಹಿಡಿದು ಕಟ್ಟಿಲ್ಲ ಅಂದರೂ ಅದು ಅವರ ತಪ್ಪು. ಇಎಸ್‌ಐ ಕಚೇರಿಗೆ ಲಿಖಿತ ದೂರು ಕೊಡಿ, ಅವರು ಕಂಪನಿಯಿಂದ ವಸೂಲಿ ಮಾಡುತ್ತಾರೆ.

ಸಿಗುವುದು ಏನು? ರಾಜಾಜಿನಗರ, ಇಂದಿರಾನಗರ, ಪೀಣ್ಯದ ಇಎಸ್‌ಐ ಆಸ್ಪತ್ರೆಗಳಲ್ಲಿ ಚಿಕಿತ್ಸೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ದಿನದ ಸರಾಸರಿ ಕೂಲಿಯ 90 ಪರ್ಸೆಂಟ್, ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ತಪ್ಪಿರಬೇಕು. ಕೈಯೋ ಕಣ್ಣೋ ಶಾಶ್ವತವಾಗಿ ಊನವಾದರೆ ಮೆಡಿಕಲ್ ಬೋರ್ಡ್ ಎಷ್ಟು ಪರ್ಸೆಂಟ್ ಅಂತ ಹೇಳುತ್ತದೆ, ಅದರ ಪ್ರಕಾರ ಬದುಕಿರುವವರೆಗೆ ಪ್ರತಿ ತಿಂಗಳು ಹಣ. ಹೆಬ್ಬೆರಳಿಗೆ 30 ಪರ್ಸೆಂಟ್ ಅಂದುಕೊಳ್ಳಿ. ದಿನಕ್ಕೆ 500 ಕೂಲಿ, ಅದರ 90 ಪರ್ಸೆಂಟ್ 450, ಅದರ 30 ಪರ್ಸೆಂಟ್ 135. ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಮತ್ತೆ ಕೆಲಸಕ್ಕೆ ಸೇರಿ ಪೂರ್ತಿ ಸಂಬಳ ತಗೊಂಡರೂ ಇದು ನಿಲ್ಲುವುದಿಲ್ಲ. ಆದರೆ ಬೋರ್ಡ್ ಮುಂದೆ ಹೋಗಬೇಕು ಅಂತಲೇ ಗೊತ್ತಿಲ್ಲದೆ, ಗಾಯ ಮಾಗಿತು ಅಂತ ಸುಮ್ಮನಾಗಿ ಜೀವನಪೂರ್ತಿ ಬರಬೇಕಾದ ಹಣ ಬಿಟ್ಟವರಿದ್ದಾರೆ. ಮತ್ತೆ ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರ್ ಫಿಟ್‌ನೆಸ್ ಕೊಟ್ಟ ದಿನವೇ "ಮೆಡಿಕಲ್ ಬೋರ್ಡ್‌ಗೆ ಕಳಿಸಿ" ಅಂತ ಬ್ರಾಂಚ್ ಆಫೀಸಿನಲ್ಲಿ ಅರ್ಜಿ ಕೊಡಿ, ತಡ ಮಾಡಬೇಡಿ. ಬೋರ್ಡ್ ಹೇಳಿದ ಪರ್ಸೆಂಟ್ ಕಡಿಮೆ ಅನಿಸಿದರೆ ಅಪೀಲಿಗೆ ದಾರಿ ಇದೆ.

ಇಲ್ಲೊಂದು ಬಲೆ ಇದೆ, ಗಾರ್ಮೆಂಟ್ಸ್ ಕಡೆ ಜಾಸ್ತಿ. "ರಜೆ ಹಾಕಬೇಡಮ್ಮ, ಸುಮ್ನೆ ಬಂದು ಕೂತ್ಕೋ, ಹಾಜರಿ ಹಾಕ್ತೀವಿ" ಅನ್ನುತ್ತಾರೆ. ಸಂಬಳ ಬರುತ್ತಲ್ಲ ಅಂತ ಒಪ್ಪುತ್ತೇವೆ. ಸಂಬಳ ತಗೊಂಡ ದಿನಕ್ಕೆ ಇಎಸ್‌ಐ ಹಣ ಇಲ್ಲ, ಹಾಜರಿ ಪುಸ್ತಕದ ಪ್ರಕಾರ ನಿಮಗೆ ಏನೂ ಆಗಿಲ್ಲ. ಸೂಜಿ ಚುಚ್ಚಿದ ಬೆರಳು ಆರು ತಿಂಗಳಾದ ಮೇಲೆ ಮಡಚಲು ಬಾರದಿದ್ದಾಗ "ಯಾವ ಆಕ್ಸಿಡೆಂಟ್?" ಅಂತ ಕೇಳುತ್ತಾರೆ. ಡಾಕ್ಟರ್ ರೆಸ್ಟ್ ಬರೆದಿದ್ದರೆ ರೆಸ್ಟ್ ತಗೊಳ್ಳಿ. ಇಎಸ್‌ಐನಿಂದ ಆ ಹಣ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.

ಇಎಸ್‌ಐ ಇಲ್ಲದಿದ್ದರೆ: ಲೆಕ್ಕ ನೀವೇ ಹಾಕಿ ನೋಡಿ

ಗಾರೆ ಕೆಲಸ, ಸೆಂಟ್ರಿಂಗ್, ನಾಲ್ಕೈದು ಜನರ ವರ್ಕ್‌ಶಾಪ್, ಲಾರಿ, ಟೆಂಪೋ, ಅಥವಾ 21,000ಕ್ಕಿಂತ ಜಾಸ್ತಿ ಸಂಬಳ. ಇವರಿಗೆ ಮಾಲೀಕರೇ ಪರಿಹಾರ ಕೊಡಬೇಕು. ದಿನಗೂಲಿಯವರೂ ಸೇರುತ್ತಾರೆ.

ಲೆಕ್ಕ ಕಷ್ಟ ಇಲ್ಲ. ತಿಂಗಳ ಸಂಬಳ ತಗೊಳ್ಳಿ, ಆದರೆ 15,000ಕ್ಕಿಂತ ಜಾಸ್ತಿ ಇದ್ದರೂ 15,000 ಅಂತಲೇ ಹಿಡಿಯುತ್ತಾರೆ. ಈ ಮಿತಿ 2020ರ ಜನವರಿಯಿಂದ ಇದೆ, ಬೆಂಗಳೂರಿನ ಇವತ್ತಿನ ಖರ್ಚಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಪೂರ್ತಿ ದುಡಿಯಲಾಗದ ಹಾಗೆ ಆದರೆ ಅದರ 60 ಪರ್ಸೆಂಟ್, ಸಾವಾದರೆ 50 ಪರ್ಸೆಂಟ್. ಅದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 20 ವರ್ಷಕ್ಕೆ 224.00, 30ಕ್ಕೆ 207.98, 40ಕ್ಕೆ 184.17. ಅಂದರೆ 30 ವರ್ಷದವರಿಗೆ 9,000 ಗುಣಿಸು 207.98, ಒಟ್ಟು 18,71,820. ಸಾವಾದರೆ ಕುಟುಂಬಕ್ಕೆ 15,59,850.

ಭಾಗಶಃ ಊನವಾದರೆ ಈ 18 ಲಕ್ಷ ಚಿಲ್ಲರೆಯಲ್ಲಿ ಪರ್ಸೆಂಟ್ ಲೆಕ್ಕ. ಹೆಬ್ಬೆರಳು 30, ಪೂರ್ತಿ ತೋರುಬೆರಳು 14, ಒಂದು ಕೈಯ ನಾಲ್ಕೂ ಬೆರಳು 50, ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ 40. ಈ ಪಟ್ಟಿಯೇ ಕೊನೆಯಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿಯ ಕೇಸ್ ಬಂದಿತ್ತು. ಎಡಗೈ ಮೊಣಕೈ ಮೇಲಕ್ಕೆ ಕತ್ತರಿಸಬೇಕಾಗಿತ್ತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಹಾಗಾಗಿ ಅವನ ಮಟ್ಟಿಗೆ ಇದು ನೂರಕ್ಕೆ ನೂರು ಅಂತ ಕೋರ್ಟ್ ಒಪ್ಪಿತು. ಹಾಗಾಗಿ ನೀವು ಏನು ಕೆಲಸ ಮಾಡುತ್ತಿದ್ದಿರಿ, ಈಗ ಏನು ಮಾಡಲಾಗುತ್ತಿಲ್ಲ ಅನ್ನುವುದನ್ನು ಡಾಕ್ಟರಿಗೂ ವಕೀಲರಿಗೂ ಬಿಡಿಸಿ ಹೇಳಿ. ಬೆರಳು ಎಷ್ಟು ಹೋಯಿತು ಅನ್ನುವುದರ ಜೊತೆ ಆ ಬೆರಳಿಲ್ಲದೆ ಏನು ನಿಂತಿತು ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಇದರ ಮೇಲೆ ಚಿಕಿತ್ಸೆಯ ಖರ್ಚು ಬೇರೆ. ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗಲಾಗದ ಕಾಲಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ 25 ಪರ್ಸೆಂಟ್. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದರೆ 50 ಪರ್ಸೆಂಟ್‌ವರೆಗೆ ದಂಡ.

"ನಿನ್ನದೇ ತಪ್ಪು, ಗಮನ ಎಲ್ಲಿತ್ತು?" ಅಂತ ಬೈಯುತ್ತಾರೆ. ಬೈಯಲಿ. ಗಮನ ತಪ್ಪಿದ್ದಕ್ಕೆ ಪರಿಹಾರ ತಪ್ಪುವುದಿಲ್ಲ. ಕುಡಿದಿದ್ದರೆ, ಬೇಕಂತಲೇ ಸುರಕ್ಷತೆಯ ನಿಯಮ ಮೀರಿದ್ದರೆ, ಬೇಕಂತಲೇ ಮೆಷಿನ್‌ನ ಗಾರ್ಡ್ (ಕೈಗೆ ಪೆಟ್ಟಾಗದಂತೆ ಹಾಕಿದ ತಡೆ) ತೆಗೆದಿದ್ದರೆ ಮಾತ್ರ ತಕರಾರು. ಸಾವು ಅಥವಾ ಪೂರ್ತಿ ಅಂಗವಿಕಲತೆ ಆದಾಗ ಆ ತಕರಾರೂ ನಡೆಯುವುದಿಲ್ಲ. ಪ್ರೊಡಕ್ಷನ್ ಜಾಸ್ತಿ ಬರಲಿ ಅಂತ ಸೂಪರ್‌ವೈಸರೇ ಗಾರ್ಡ್ ಬಿಚ್ಚಿಸಿದ್ದರೆ ಅದನ್ನು ಸಾಕ್ಷಿಗಳ ಬಾಯಲ್ಲಿ ಹೇಳಿಸಿ.

ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತ? ಇಎಸ್‌ಐನಲ್ಲಿ 2010ರಿಂದಲೇ ಇದೆ. ಮಾಲೀಕರ ಪರಿಹಾರದಲ್ಲೂ ಸೇರುತ್ತದೆ ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಹೊಸ ಸಂಹಿತೆಯಲ್ಲೂ ಬರೆದಿದೆ. ಸಮಯ, ಜಾಗ, ಕೆಲಸ, ಈ ಮೂರಕ್ಕೂ ನಂಟು ತೋರಿಸಬೇಕು. ಗಾಡಿ ಓಡಿಸುವ ಡ್ರೈವರ್‌ಗಳು ಮೋಟಾರು ವಾಹನ ಕಾಯ್ದೆಯಲ್ಲೂ ಕೇಳಬಹುದು, ಇದರಲ್ಲೂ ಕೇಳಬಹುದು, ಆದರೆ ಒಂದನ್ನೇ ಆರಿಸಬೇಕು. ಅರ್ಜಿ ಹಾಕುವ ಮೊದಲೇ ಯೋಚಿಸಿ.

ಖಾಲಿ ಹಾಳೆಗೆ ಸಹಿ ಬೇಡ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಣ್ಣಿನ ಚೀಲ ಹಿಡಿದು ಬರುತ್ತಾರೆ. ಒಂದು ಲಕೋಟೆ, ಒಂದು ಕಾಗದ. "ಇನ್ನು ಮುಂದೆ ಏನೂ ಕೇಳುವುದಿಲ್ಲ" ಅಂತ ಅದರಲ್ಲಿ ಇರುತ್ತದೆ, ಕೆಲವು ಸಲ ಏನೂ ಇರುವುದಿಲ್ಲ, ಬರೀ ಖಾಲಿ ಹಾಳೆ. ಮನೆ ಬಾಡಿಗೆ ಬಾಕಿ, ಮಕ್ಕಳ ಫೀಸು, ಚೀಟಿ ಕಂತು ಎಲ್ಲ ತಲೆ ಮೇಲಿರುವಾಗ ಆ ಲಕೋಟೆ ಬೇಡ ಅನ್ನುವುದು ಸುಲಭ ಅಲ್ಲ, ನನಗೆ ಗೊತ್ತು. ದುಡ್ಡು ತಗೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. "ಚಿಕಿತ್ಸೆಗೆ ಇಷ್ಟು ಮುಂಗಡ ಬಂದಿದೆ" ಅಂತ ಬರೆದು ಸಹಿ ಮಾಡಿ, ಹಕ್ಕು ಬಿಟ್ಟುಕೊಟ್ಟೆ ಅನ್ನುವುದಕ್ಕೆ ಸಹಿ ಮಾಡಬೇಡಿ.

ಈಗಾಗಲೇ ಸಹಿ ಮಾಡಿದ್ದೀರಾ? ಎದೆ ಒಡೆದುಕೊಳ್ಳಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ರಾಜಿ ಆದರೆ ಅದನ್ನು ಈ ಪರಿಹಾರದ ಕೇಸುಗಳನ್ನು ತೀರ್ಮಾನಿಸುವ ಕಮಿಷನರ್ ಬಳಿ ನೋಂದಣಿ ಮಾಡಿಸಬೇಕು, ಮೊತ್ತ ಕಡಿಮೆ ಅನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ನೋಂದಣಿ ಮಾಡಿಸದಿದ್ದರೆ ಮಾಲೀಕರು ಪೂರ್ತಿ ಪರಿಹಾರಕ್ಕೆ ಹೊಣೆ, ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಕಳೆಯುವಂತಿಲ್ಲ. ಸಾವಾದ ಕೇಸಿನಲ್ಲಂತೂ ಹಣವನ್ನು ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರ ಕೊಟ್ಟದ್ದು, ಒಂದು ಸಣ್ಣ ಮುಂಗಡ ಬಿಟ್ಟರೆ, ಪರಿಹಾರ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಎಲ್ಲಿ, ಯಾರ ಮೇಲೆ

ಮಾಲೀಕರ ಪರಿಹಾರಕ್ಕೆ ಅರ್ಜಿಯನ್ನು ಅಪಘಾತ ಆದ ಎರಡು ವರ್ಷದೊಳಗೆ ಹಾಕಬೇಕು. ದಾಟಿದ್ದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಅಲ್ಲಿಗೆ ಬಿಡಬೇಡಿ. ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ಸೀನಿಯರ್ ಸಿವಿಲ್ ಜಡ್ಜ್‌ಗಳೇ ಕಮಿಷನರ್ ಕೆಲಸ ನೋಡುತ್ತಿದ್ದಾರೆ, ಬೆಂಗಳೂರು ನಗರದಲ್ಲಿ ಇಂಥ ಕೇಸುಗಳು ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಅನುಮಾನ ಇದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ಅಥವಾ 155214ಕ್ಕೆ ಫೋನ್ ಮಾಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಪೆಟ್ಟಾಗಿ ಊರು ಸೇರಿದವರು ಬೆಂಗಳೂರಿಗೇ ಓಡಾಡಬೇಕಿಲ್ಲ. ನೀವು ವಾಸ ಇರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು.

ಯಾರ ಮೇಲೆ ಹಾಕಬೇಕು ಅನ್ನುವಲ್ಲಿ ಕಟ್ಟಡದವರು ಸೋಲುತ್ತಾರೆ. ಪೆಟ್ಟಾದ ಮರುದಿನ ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಕಾಂಟ್ರಾಕ್ಟರ್ ಸಿಗದಿದ್ದರೂ, ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆ ಕೊಟ್ಟ ಬಿಲ್ಡರೋ ಕಂಪನಿಯೋ ಹೊಣೆ. ಅವರು ಬೇಕಾದರೆ ಆಮೇಲೆ ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಹಾಗಾಗಿ ಸೈಟಿನ ಮುಂದಿನ ಬೋರ್ಡಿನ ಫೋಟೋ ತೆಗೆದಿಡಿ. ಇನ್ಶೂರೆನ್ಸ್ ಪಾಲಿಸಿ ಇದ್ದರೆ ಆ ಕಂಪನಿಯನ್ನೂ ಸೇರಿಸಿ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಇದ್ದವರಿಗೆ ಮಂಡಳಿಯ ಅಪಘಾತ ಸಹಾಯವೂ ಇದೆ, ಅದಕ್ಕೆ ಬೇರೆ ಅರ್ಜಿ.

ವಕೀಲರ ಫೀಸಿಗೆ ಹೆದರಬೇಡಿ. ಕಾರ್ಖಾನೆ ಕೆಲಸಗಾರರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಅದರ ಕಚೇರಿ, ಫೋನ್ 15100. ಆಸ್ಪತ್ರೆ ವಾರ್ಡಿಗೇ ಬಂದು "ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ, ಎಲ್ಲ ನಾವು ನೋಡ್ಕೋತೀವಿ" ಅನ್ನುವವರು ಸಿಗುತ್ತಾರೆ. ಹಾಗೆ ಪಾಲು ಕೇಳುವುದು ವಕೀಲರ ನಿಯಮದಲ್ಲೇ ನಿಷಿದ್ಧ. ದೂರ ಇಡಿ.

ಕಾಯುವ ತಿಂಗಳುಗಳು

ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನಲ್ಲಿದೆ. ಹಾಗೆ ಮುಗಿಯುವುದು ಅಪರೂಪ. ವಾಯಿದೆ, ಮತ್ತೆ ವಾಯಿದೆ, ಡಾಕ್ಟರ್ ಸಾಕ್ಷಿಗೆ ಬರಲಿಲ್ಲ, ಎದುರು ವಕೀಲರು ಟೈಮ್ ಕೇಳಿದರು. ಈ ಕಾಲದಲ್ಲೇ ಮನುಷ್ಯ ಕುಸಿಯುತ್ತಾನೆ. ದುಡಿಯುತ್ತಿದ್ದ ಕೈ ಸುಮ್ಮನೆ ಕೂತಿರುತ್ತದೆ, ಹೆಂಡತಿ ಎರಡು ಕಡೆ ಕೆಲಸಕ್ಕೆ ಹೋಗುತ್ತಾಳೆ, ಬಡ್ಡಿ ಸಾಲ ಬೆಳೆಯುತ್ತದೆ, ಅಷ್ಟರಲ್ಲಿ ಓನರ್ ಕಡೆಯಿಂದ ಅರ್ಧಕ್ಕರ್ಧ ರಾಜಿ ಮಾತು ಬರುತ್ತದೆ. ತಡವಾದಷ್ಟೂ ಕೆಲಸಗಾರ ಸೋಲುತ್ತಾನೆ ಅನ್ನುವುದು ಎದುರಿನವರಿಗೆ ಚೆನ್ನಾಗಿ ಗೊತ್ತು.

ಬಡ್ಡಿ ಲೆಕ್ಕ ಅಪಘಾತದ ದಿನದ ಕಡೆಯಿಂದಲೇ ಓಡುತ್ತಿದೆ ಅನ್ನುವುದನ್ನು ನೆನಪಿಡಿ, ಬಡಗಿಯ ಕೇಸಿನ ಆ 1975ರ ತೀರ್ಪೇ ಪರಿಹಾರ ಅಪಘಾತದ ದಿನವೇ ಬಾಕಿ ಆಗುತ್ತದೆ ಅಂತ ಹೇಳಿದೆ. ರಾಜಿ ಮೊತ್ತ ಬಂದಾಗ ಮೇಲಿನ ಲೆಕ್ಕ ಹಾಕಿ, ಬಡ್ಡಿ ಸೇರಿಸಿ, ಹೋಲಿಸಿ ನೋಡಿ ಮಾತಾಡಿ. ಫಿಸಿಯೋಥೆರಪಿ ಬಿಡಬೇಡಿ, ಕೈಗೂ ಒಳ್ಳೆಯದು, ದಾಖಲೆಗೂ ಒಳ್ಳೆಯದು. ಇನ್ನು, ನಿದ್ದೆ ಬರದಿದ್ದರೆ, ಮೆಷಿನ್ ಸದ್ದು ಕೇಳಿದರೆ ಮೈ ನಡುಗಿದರೆ ಡಾಕ್ಟರಿಗೆ ಹೇಳಿ. ಗಂಡಸು ಅಂತ ನುಂಗಿಕೊಂಡು ಕೂರಬೇಡಿ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ.

ವಾಯಿದೆ ತಪ್ಪಿಸಬೇಡಿ. ನಿಮ್ಮ ಸಾಕ್ಷಿಯ ದಿನ ನೆನಪಿದ್ದಷ್ಟೇ ಹೇಳಿ, ಜಾಸ್ತಿ ಸೇರಿಸಬೇಡಿ. ಅಂಗವಿಕಲತೆ ಎಷ್ಟು ಅಂತ ಬರೆದ ಡಾಕ್ಟರ್ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ಸರ್ಟಿಫಿಕೇಟ್ ತಗೊಳ್ಳುವಾಗಲೇ ಬರುತ್ತಾರಾ ಅಂತ ಕೇಳಿಕೊಳ್ಳಿ.

ಆದೇಶ ಬಂದ ಮೇಲೆ

ಆದೇಶದ ಪ್ರತಿ ಕೂಡಲೇ ತಗೊಳ್ಳಿ. ಅಪೀಲು ಹೈಕೋರ್ಟಿಗೆ, 60 ದಿನ ಅವಕಾಶ. ಮಾಲೀಕರು ಅಪೀಲು ಹೋಗಬೇಕಾದರೆ ಪರಿಹಾರದ ಹಣವನ್ನು ಮೊದಲು ಠೇವಣಿ ಇಡಬೇಕು, ಹಾಗಾಗಿ "ಹೈಕೋರ್ಟಿಗೆ ಹೋಗ್ತೀವಿ ನೋಡಿ" ಅನ್ನುವ ಬೆದರಿಕೆಗೆ ಬಗ್ಗಬೇಡಿ. ಈ ಹಣವನ್ನು ಸಾಲಗಾರರು ಜಪ್ತಿ ಮಾಡಿಸಲೂ ಆಗುವುದಿಲ್ಲ. ಆದೇಶ ಬಂದರೂ ಕೊಡದೆ ಕೂತರೆ, ಭೂ ಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ವಸೂಲಿ ಮಾಡಿಸುವ ಅಧಿಕಾರ ಕಮಿಷನರಿಗಿದೆ. ಅದು ತಾನಾಗೇ ಆಗುವುದಿಲ್ಲ, ನೀವು ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಮಾಲೀಕರ ಆಸ್ತಿ, ಶೆಡ್ಡಿನ ವಿಳಾಸ, ಬ್ಯಾಂಕ್ ಖಾತೆ, ಗೊತ್ತಿರುವುದನ್ನೆಲ್ಲ ಬರೆಯಿರಿ. ಸಂಬಳ ಯಾವ ಖಾತೆಯಿಂದ ಬರುತ್ತಿತ್ತು ಅನ್ನುವುದು ನಿಮ್ಮ ಪಾಸ್‌ಬುಕ್‌ನಲ್ಲೇ ಸಿಗುತ್ತದೆ.